ಸ್ಕ್ಯಾನಿನಲ್ಲಿ ಕಾಣದ ನೋವು

"ನಿಮಗೇನೂ ಆಗಿಲ್ಲ, ಎಲ್ಲ ಮನಸ್ಸಿನದು" ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನಿವೃತ್ತಿಯಾದ ಮೇಲೆ ಸಿಟ್ಟು ಇಳಿದೀತು ಎಂದು ಮನೆಯವರು ಅಂದುಕೊಂಡಿದ್ದರು. ಇಳಿದಿಲ್ಲ. ಮನಶ್ಶಾಸ್ತ್ರ ಓದಿ ಹೊಸದಾಗಿ ಆಸ್ಪತ್ರೆ ಸೇರಿದ ಮಕ್ಕಳು ರಾಮಕೃಷ್ಣನಗರದ ನಮ್ಮ ಮನೆಗೆ ಆಗಾಗ ಬರುತ್ತಾರೆ. "ಮೇಡಂ, ವರ್ಷಗಟ್ಟಲೆ ನೋವಿರೋರ ಜೊತೆ ಹೇಗೆ ಕೆಲಸ ಮಾಡೋದು?" ಎಂದು ಕೇಳುತ್ತಾರೆ. ಪುಸ್ತಕದಲ್ಲಿರುವುದನ್ನು ಅವರು ಪುಸ್ತಕದಲ್ಲೇ ಓದಿಕೊಳ್ಳಲಿ. ಅಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ.

ನಾನು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದೆ. ನನ್ನ ಕೋಣೆಗೆ ಬರುತ್ತಿದ್ದವರಲ್ಲಿ ಬೆನ್ನು, ಕುತ್ತಿಗೆ, ಮಂಡಿ, ತಲೆ ಹಿಡಿದುಕೊಂಡು ಬಂದವರೇ ಹೆಚ್ಚು. ಬಂದವರು ಎನ್ನುವುದೂ ತಪ್ಪು. ಅವರನ್ನು ಕಳಿಸಲಾಗುತ್ತಿತ್ತು. ಮೂಳೆ ವಿಭಾಗದಲ್ಲಿ ಮಾತ್ರೆ, ಇಂಜೆಕ್ಷನ್, ಬೆಲ್ಟು ಎಲ್ಲ ಮುಗಿದು, ವೈದ್ಯರಿಗೂ ಬೇಸರ ಬಂದು, "ಒಂದ್ಸಲ ಅಲ್ಲಿ ತೋರಿಸಿ" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದರು. ಹಳೆಯ ಸಾಮಾನನ್ನು ಅಟ್ಟಕ್ಕೆ ಹಾಕುವ ಹಾಗೆ.

ಒಮ್ಮೆ ಕಾಲೇಜಿನ ಅಧ್ಯಾಪಕರೊಬ್ಬರು ಬಂದರು. ಭುಜದ ನೋವು. ಬಾಗಿಲಲ್ಲೇ ನಿಂತು, "ನಾನು ಹುಚ್ಚನೇನ್ರೀ?" ಎಂದು ಕೂಗಿದರು. ಹೊರಗೆ ಬೆಂಚಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಬಾಗಿಲ ಮೇಲೆ 'ಮಾನಸಿಕ ರೋಗ ವಿಭಾಗ' ಎಂದು ದೊಡ್ಡ ಅಕ್ಷರದ ಬೋರ್ಡು ಬೇರೆ.

"ಅಲ್ಲ ಸಾರ್. ನಿಮ್ಮ ಜಾಗದಲ್ಲಿ ನಾನಿದ್ದಿದ್ರೂ ಹೀಗೇ ಕೂಗಾಡ್ತಿದ್ದೆ" ಎಂದೆ.

ಅವರಿಗೆ ತಬ್ಬಿಬ್ಬಾಯಿತು. ಕೂತರು. ಕರಿಹಲಗೆಯ ಮೇಲೆ ಬರೆಯಲು ಕೈ ಎತ್ತಲಾಗದೆ, ಹುಡುಗರು ನಗುತ್ತಾರೆಂದು ರಜೆ ಹಾಕಿ ಮನೆಯಲ್ಲೇ ಉಳಿದಿದ್ದರು. ಕೈ ಆಡಿಸಿದರೆ ಒಳಗೆ ಏನೋ ಹರಿದುಹೋಗುತ್ತದೆ ಎಂಬ ಭಯ. ಆಡಿಸದ ಕೈ ಇನ್ನಷ್ಟು ಬಿಗಿಯುತ್ತದೆ, ಬಿಗಿದದ್ದು ಇನ್ನಷ್ಟು ನೋಯುತ್ತದೆ, ನೋವು ಇನ್ನಷ್ಟು ಭಯ ಹುಟ್ಟಿಸುತ್ತದೆ. ಈ ಸುತ್ತನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ನಮ್ಮ ಕೆಲಸ ಶುರುವಾಗುವುದೇ ಇಲ್ಲಿಂದ. ಫಿಸಿಯೋಥೆರಪಿಯವರು ಕೈ ಆಡಿಸಲು ಕಲಿಸಿದರು, ಆಡಿಸುವಾಗ ಬರುವ ಭಯವನ್ನು ನಾನು ನೋಡಿಕೊಂಡೆ. ಆ ವರ್ಷದ ಪರೀಕ್ಷೆಗೆ ಮೊದಲೇ ಅವರು ಪಾಠಕ್ಕೆ ಮರಳಿದರು. ನೋವು ಪೂರ್ತಿ ಹೋಗಿರಲಿಲ್ಲ. ಆದರೆ ಅದು ಅವರ ಯಜಮಾನನಾಗಿ ಉಳಿದಿರಲಿಲ್ಲ.

ಅವರು ಹೋದ ಮೇಲೆ ನಾನು ಆಡಳಿತಾಧಿಕಾರಿಯ ಬಳಿ ಹೋಗಿ ಜಗಳವಾಡಿದೆ. ಬೋರ್ಡು ತೆಗೆಯಿರಿ, ನೋವಿನವರನ್ನು ನೋಡಲು ಫಿಸಿಯೋಥೆರಪಿಯ ಪಕ್ಕ ಕೋಣೆ ಕೊಡಿ ಎಂದೆ. ಅವರು ನಕ್ಕರು. "ಮೇಡಂ, ಮಾತಾಡೋಕೆ ಎರಡು ಕುರ್ಚಿ ಸಾಕಲ್ವಾ?" ಎರಡು ಕುರ್ಚಿಯನ್ನೇ ಕೊಟ್ಟರು, ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ. ಮೇಲೆ ಯಾರಾದರೂ ಓಡಿದರೆ ನಮ್ಮ ಮಾತೇ ಕೇಳುತ್ತಿರಲಿಲ್ಲ. ಅಂತೂ ಫಿಸಿಯೋಥೆರಪಿಯ ಪಕ್ಕವೇ ಅಲ್ಲವೇ ಎಂದು ಅಲ್ಲೇ ಬೇರು ಬಿಟ್ಟೆ.

ನನ್ನ ಸಿಟ್ಟಿಗೆ ಮನೆಯದೂ ಒಂದು ಪಾಲಿದೆ. ನಮ್ಮದು ತಲೆಮಾರುಗಳಿಂದ ಇದೇ ಊರಿನ ಕ್ಯಾಥೊಲಿಕ್ ಕುಟುಂಬ. ಅಮ್ಮನಿಗೆ ಕೀಲುವಾತ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನಂಗಳದಲ್ಲಿ ನಿಂತ ಹೆಂಗಸರು, "ನೋವನ್ನ ದೇವರಿಗೆ ಒಪ್ಪಿಸು ಮೇರಿ" ಎನ್ನುತ್ತಿದ್ದರು. ಪಕ್ಕದ ಮನೆಯ ಅಜ್ಜಿ, "ಎಲ್ಲಾ ಪೂರ್ವಜನ್ಮದ ಕರ್ಮ ಕಣಮ್ಮ" ಎನ್ನುತ್ತಿದ್ದರು. ಧರ್ಮ ಬೇರೆಯಾದರೂ ಉಪದೇಶ ಒಂದೇ: ಬಾಯಿ ಮುಚ್ಚಿಕೊಂಡಿರು. ಅಮ್ಮ ಬಾಯಿ ಮುಚ್ಚಿಕೊಂಡೇ ಇದ್ದರು. ಸೆರಗನ್ನು ಬಾಯಿಗೆ ತುರುಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಅದನ್ನು ನೋಡಿ ಬೆಳೆದವಳಿಗೆ ಸಹನೆಯ ಮೇಲೆ ಗೌರವ ಹುಟ್ಟಲಿಲ್ಲ.

ಇನ್ನು ಗಿರಿಜಮ್ಮನ ವಿಷಯ. ನನ್ನ ವೃತ್ತಿಯಲ್ಲಿ ಒಂದೇ ಒಂದು ಕೇಸು ಹೇಳಿ ಎಂದರೆ ನಾನು ಹೇಳುವುದು ಇದನ್ನು.

ಗಿರಿಜಮ್ಮ ಸರಸ್ವತಿಪುರಂನಲ್ಲಿ ಟ್ಯುಟೋರಿಯಲ್ ಹುಡುಗರು ಊಟ ಮಾಡುವ ಒಂದು ಮೆಸ್ಸಿನಲ್ಲಿ ಅಡುಗೆಯವರು. ಮನೆ ಶ್ರೀರಾಂಪುರದಲ್ಲಿ. ಗಂಡ ಮಹದೇವ ಆಟೊ ಓಡಿಸುತ್ತಿದ್ದರು. ಸಾಂಬಾರಿನ ಹಂಡೆ ಇಳಿಸುವಾಗ ಕಾಲು ಜಾರಿ ಸೊಂಟ ಹಿಡಿದದ್ದು, ವರ್ಷಗಳು ಕಳೆದರೂ ಬಿಟ್ಟಿರಲಿಲ್ಲ. ಕೆಲಸ ತಪ್ಪಿತು. ನಮ್ಮ ಮೂಳೆ ವಿಭಾಗದ ಮುಖ್ಯಸ್ಥರು ಡಾ. ಶೇಷಾದ್ರಿ. ಅರಮನೆಯಲ್ಲಿ ವಿದ್ವಾಂಸರಾಗಿದ್ದವರ ಮನೆತನ, ತೂಕದ ಮಾತು, ಚಾಕು ಹಿಡಿದರೆ ನಡುಗದ ಕೈ. ಅವರು ಗಿರಿಜಮ್ಮನ ಸ್ಕ್ಯಾನ್ ನೋಡಿ, "ಈ ವಯಸ್ಸಿಗೆ ಎಲ್ಲರಿಗೂ ಇಷ್ಟು ಸವೆತ ಇರುತ್ತೆ. ನಿಮಗೇನೂ ಇಲ್ಲ" ಎಂದರು.

ಸ್ಕ್ಯಾನಿನ ಮಟ್ಟಿಗೆ ಅವರ ಮಾತು ಸರಿಯಾಗಿತ್ತು. ಆದರೆ ಆ 'ಏನೂ ಇಲ್ಲ' ಎಂಬುದನ್ನು ಮಹದೇವ ಮನೆಗೆ ಒಯ್ದರು. ಅಲ್ಲಿಂದ ನೆಂಟರ ಮನೆಗೆ ಹೋಯಿತು, ಬೀದಿಗೆ ಬಂತು. ದೊಡ್ಡ ಡಾಕ್ಟರೇ ಏನೂ ಇಲ್ಲ ಅಂದಿದ್ದಾರೆ, ಇವಳದು ನಾಟಕ. ಗಿರಿಜಮ್ಮ ಹಾಸಿಗೆ ಹಿಡಿದರೆ ಸೋಮಾರಿತನ. ಎದ್ದು ಬಟ್ಟೆ ಒಗೆದರೆ, "ನೋಡಿ, ಬೇಕಾದಾಗ ಆಯ್ತದೆ!"

ನನ್ನ ಮುಂದೆ ಕೂತ ದಿನ ಅವರು ಮಾತೇ ಆಡಲಿಲ್ಲ. ಮಹದೇವ ಮಾತಾಡಿದರು.

"ಎಂಗೆ ಹೇಳ್ಲಿ ಮೇಡಂ, ದಿನಾ ಇದೇ ರಾಮಾಯಣ. ಮನೇಗೋದ್ರೆ ಅಯ್ಯೋ ಅನ್ನೋದೇ ಕೇಳ್ಬೇಕು. ನೀವಾರ ಒಸಿ ಬುದ್ಧಿ ಹೇಳಿ."

"ಬುದ್ಧಿ ಹೇಳೋಕೆ ನಾನಿಲ್ಲಿ ಕೂತಿಲ್ಲ" ಎಂದು ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ಗಿರಿಜಮ್ಮನಿಗೆ, "ನಿಮ್ಮ ನೋವು ನಿಜ. ಅದರ ಬಗ್ಗೆ ನನಗೆ ಯಾವ ಅನುಮಾನಾನೂ ಇಲ್ಲ" ಎಂದೆ. ಅವರು ಅಳತೊಡಗಿದರು. ಆ ದಿನ ಮುಗಿದದ್ದು ಅಷ್ಟರಲ್ಲೇ. ಹೊಸಬರಿಗೆ ಹೇಳುತ್ತೇನೆ: ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಲದು, ಬಾಯಿ ಬಿಟ್ಟು ಹೇಳಬೇಕು. ಬಣ್ಣದ ಕರಪತ್ರ ಕೈಗೆ ಕೊಟ್ಟು 'ಪಾಸಿಟಿವ್ ಆಗಿ ಯೋಚಿಸಿ' ಎನ್ನುವವರು ನಮ್ಮಲ್ಲೂ ಇದ್ದಾರೆ. ಸೊಂಟ ನೆಟ್ಟಗೆ ಮಾಡಲಾಗದವಳಿಗೆ ನಗುಮುಖ ಮಾಡಲು ಹೇಳುವುದು ಚಿಕಿತ್ಸೆಯಲ್ಲ, ಅವಮಾನ.

ಮುಂದಿನ ಸಲ ಅವರೇ ಕೇಳಿದರು. "ನಿಜ ಅಂತೀರಿ. ಸ್ಕ್ಯಾನಲ್ಲಿ ಯಾಕೆ ಕಾಣಲ್ಲ?"

"ಮನೆಗೆ ಕಳ್ಳ ಬಂದ ಅಂತ ಇಟ್ಕೊಳ್ಳಿ. ನಾಯಿ ಬೊಗಳ್ತು, ಕಳ್ಳ ಓಡಿಹೋದ. ಆದ್ರೆ ನಾಯಿ ಹೆದರಿಬಿಟ್ಟಿದೆ. ಈಗ ಎಲೆ ಅಲುಗಾಡಿದ್ರೂ ಬೊಗಳತ್ತೆ. ಸ್ಕ್ಯಾನ್ ಹುಡುಕೋದು ಕಳ್ಳನ್ನ. ನಿಮಗೆ ಕೇಳ್ತಿರೋದು ನಾಯಿ. ಬೊಗಳೋದು ಸುಳ್ಳಲ್ಲ."

ಅವರು ಯೋಚಿಸಿ, "ನಾಯಿ ಅಂತ ಗೊತ್ತಾದ್ರೆ ನಿದ್ದೆ ಬಂದ್ಬುಡ್ತದಾ ಮೇಡಂ?" ಎಂದರು. ಬರುವುದಿಲ್ಲ. ಅಷ್ಟು ನೇರವಾದ ಪ್ರಶ್ನೆಯನ್ನು ಯಾವ ಸಮ್ಮೇಳನದಲ್ಲೂ ನನಗೆ ಯಾರೂ ಕೇಳಿರಲಿಲ್ಲ. ತಿಳಿವಳಿಕೆಯಿಂದಲೇ ನೋವು ಇಳಿಯುವುದಿಲ್ಲ. ನಾಯಿಯನ್ನು ದಿನದಿನವೂ ಸ್ವಲ್ಪಸ್ವಲ್ಪ ಪಳಗಿಸಬೇಕು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಈ ಚಿಕಿತ್ಸೆ ಎಂದರೆ ಕಣ್ಣು ಮುಚ್ಚಿ ಮೈ ಸಡಿಲ ಬಿಡುವುದು, ಉಸಿರು ನಿಧಾನ ಮಾಡುವುದು, ಅಷ್ಟೇ. ಆಮೇಲೆ ಯೋಚನೆಗಳನ್ನು ಹಿಡಿದು ನೋಡುವ ಪದ್ಧತಿ ಬಂತು. 'ನನ್ನ ಬೆನ್ನು ಮುರಿದೇ ಹೋಗಿದೆ, ಇನ್ನು ಮೇಲೇಳುವುದಿಲ್ಲ' ಎಂಬ ಯೋಚನೆ ಬಂದಾಗ ಮೈ ಹೇಗೆ ಬಿಗಿಯುತ್ತದೆ ಎಂದು ನೋಡುವುದು, ಆ ಯೋಚನೆ ಎಷ್ಟು ನಿಜ ಎಂದು ಪರೀಕ್ಷಿಸುವುದು. ಅದಾದ ಮೇಲೆ ಇನ್ನೊಂದು ದಾರಿ ಬಂತು: ನೋವು ಹೋಗಲಿ ಎಂದು ಕಾಯುತ್ತ ಬದುಕನ್ನು ನಿಲ್ಲಿಸಬೇಡಿ, ನಿಮಗೆ ಬೇಕಾದದ್ದು ಯಾವುದು ಹೇಳಿ, ನೋವನ್ನು ಜೊತೆಗಿಟ್ಟುಕೊಂಡೇ ಅದರ ಕಡೆ ಹೋಗೋಣ. ಗಿರಿಜಮ್ಮನಿಗೆ ನಾನು ಎಲ್ಲವನ್ನೂ ಬಳಸಿದೆ. ಅವರಿಗೆ ಬೇಕಾದದ್ದನ್ನು ಕೇಳಿದಾಗ, "ಒಲೆ ಮುಂದೆ ನಿಂತ್ಕೋಬೇಕು. ಹುಡುಗ್ರು 'ಆಂಟಿ, ಇನ್ನೊಂದ್ ದೋಸೆ' ಅಂತ ಕೂಗೋದು ಕೇಳಬೇಕು" ಎಂದರು.

ನೋವು ಕಡಿಮೆಯಿದ್ದ ದಿನ ಅವರು ಮನೆಯ ಕೆಲಸವನ್ನೆಲ್ಲ ಒಂದೇ ಉಸಿರಿಗೆ ಮುಗಿಸಿ, ಮಾರನೆಯ ದಿನ ಏಳಲಾಗದೆ ಮಲಗುತ್ತಿದ್ದರು. ಅದನ್ನು ಮೊದಲು ನಿಲ್ಲಿಸಿದೆವು. ಚೆನ್ನಾಗಿರುವ ದಿನವೂ ಇಷ್ಟೇ, ಕೆಟ್ಟ ದಿನವೂ ಇಷ್ಟೇ, ಮಧ್ಯೆ ವಿರಾಮ. ತರಕಾರಿ ಹೆಚ್ಚಲು ಎತ್ತರದ ಸ್ಟೂಲು. ನಿದ್ದೆಗೆ ಒಂದು ಕ್ರಮ. ಮಹದೇವರನ್ನೂ ಒಳಗೆ ಕರೆದು ಕೂರಿಸಿದೆ. "ಅಯ್ಯೋ ಅಂದಾಗ ಬೈಬೇಡಿ, ಓಡಿ ಬಂದು ಎಲ್ಲ ಕೆಲಸ ಕಿತ್ಕೊಳ್ಳಲೂಬೇಡಿ. ಸಂಜೆ ಜೊತೆಗೆ ಬೀದಿಯ ಕೊನೆವರೆಗೆ ನಡೀರಿ." ಅವರು ಗೊಣಗಿದರು, ಆದರೆ ನಡೆದರು. ತಿಂಗಳುಗಳು ಹಿಡಿದವು. ಮೆಸ್ಸಿನವರು ಬೆಳಗಿನ ದೋಸೆಗೆ ಮಾತ್ರ ಅವರನ್ನು ಕರೆಸಿಕೊಳ್ಳಲು ಒಪ್ಪಿದರು. ಗಿರಿಜಮ್ಮ ಮತ್ತೆ ಒಲೆಯ ಮುಂದೆ ನಿಂತರು. ನೋವಿನವರೆಲ್ಲ ಕೂಡಿ ಮಾತಾಡಲೆಂದು ನಾನು ಆಸ್ಪತ್ರೆಯ ಹಜಾರದಲ್ಲಿ ನಡೆಸುತ್ತಿದ್ದ ಗುಂಪಿಗೆ ಪ್ರತಿ ವಾರ ಬರತೊಡಗಿದರು. ಹಂಡೆ ಎತ್ತುತ್ತಿರಲಿಲ್ಲ, ಆದರೆ ನಗುತ್ತಿದ್ದರು.

ಇಲ್ಲಿಗೆ ಮುಗಿದಿದ್ದರೆ ಸಭೆಗಳಲ್ಲಿ ಹೇಳುವಂಥ ಕಥೆಯಾಗುತ್ತಿತ್ತು.

ಒಂದು ವಾರ ಅವರು ಗುಂಪಿಗೆ ಬಂದಾಗ ರವಿಕೆ ಭುಜದಿಂದ ಜಾರುತ್ತಿತ್ತು. ಮುಖ ಬತ್ತಿತ್ತು. ಎಲ್ಲರೂ ಎದ್ದು ಹೋದ ಮೇಲೆ ಕೂತೇ ಇದ್ದರು.

"ಮೇಡಂ, ಇದು ಬೇರೆ ನಾಯಿ."

"ಹಾಗಂದ್ರೆ?"

"ಹಳೇದು ಸೊಂಟದಲ್ಲಿ. ಮಲಕ್ಕೊಂಡ್ರೆ ಒಸಿ ಸುಮ್ಕಿರ್ತಿತ್ತು. ಇದು ಮೇಲೆ, ಬೆನ್ನಿನ ನಡುಮಧ್ಯೆ. ಮಲಗಿದ್ರೂ ಬುಡಲ್ಲ, ಎದ್ರೂ ಬುಡಲ್ಲ. ಸಂಜೆಯಾದ್ರೆ ಮೈ ಬೆಚ್ಚಗಾಯ್ತದೆ. ಕಾಲು ಯಾಕೋ ನಂದಲ್ಲ ಅನ್ನಂಗೆ ಭಾರ."

ನಾನು ಎಂ.ಬಿ.ಬಿ.ಎಸ್. ಓದಿದವಳಲ್ಲ. ಆದರೆ ಹೊಸ ಜಾಗದ ನೋವು, ಜ್ವರ, ಇಳಿಯುವ ತೂಕ, ಭಾರವಾಗುವ ಕಾಲು ಇವೆಲ್ಲ ಕೂಡಿ ಬಂದರೆ ಒಂದು ಗಳಿಗೆಯೂ ಮಾತಿನಲ್ಲಿ ಕಳೆಯಬಾರದು ಎಂಬುದು ಈ ಕೆಲಸದ ಮೊದಲ ಪಾಠ. ಗಿರಿಜಮ್ಮನನ್ನು ಕರೆದುಕೊಂಡು ನೇರ ಶೇಷಾದ್ರಿಯವರ ಹೊರರೋಗಿ ಕೋಣೆಗೆ ಹೋದೆ. ಅವರು ತಲೆ ಎತ್ತಿ ಗಿರಿಜಮ್ಮನ ಮುಖ ನೋಡಿದರು, ಗುರುತು ಹಿಡಿದರು. ಬೆನ್ನು ಮುಟ್ಟಲಿಲ್ಲ.

"ಇವರು ನಿಮ್ಮ ಕೇಸಲ್ಲವೇ ಫಿಲೋಮಿನಾ?"

"ಹೊಸ ನೋವು ಸಾರ್. ಜ್ವರ ಇದೆ. ಎಂ.ಆರ್.ಐ. ಬೇಕು."

ಅವರು ಪೆನ್ನು ಕೆಳಗಿಟ್ಟು ನಕ್ಕರು. "ನೋವು ನೋವು ಅಂದಾಗಲೆಲ್ಲ ಸ್ಕ್ಯಾನ್ ಮಾಡಿಸಿ ಪೇಶಂಟ್ ತಲೆ ಕೆಡಿಸಬೇಡಿ ಅಂತ ಪಾಠ ಹೇಳಿದ್ದು ನೀವೇ ಅಲ್ಲವೇ?"

ನನ್ನ ಮಾತನ್ನೇ ತಿರುಗಿಸಿ ನನ್ನ ಮುಖಕ್ಕೆ ಎಸೆದಿದ್ದರು. ಹೌದು, ಹೇಳಿದ್ದೆ. "ಬದಲಾಗದ ಹಳೇ ನೋವಿಗೆ ಹೇಳಿದ್ದು ಸಾರ್. ಇದು ಬದಲಾಗಿದೆ. ಒಂದ್ಸಲ ಮುಟ್ಟಿ ನೋಡಿ."

"ಇಂಥವರು ಜಾಗ ಬದಲಾಯಿಸ್ತಾನೇ ಇರ್ತಾರೆ. ಇವತ್ತು ಬೆನ್ನು, ನಾಳೆ ಕಾಲು. ಕೌನ್ಸೆಲಿಂಗ್ ಮುಂದುವರಿಸಿ." ಅವರು ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಗಿರಿಜಮ್ಮ ನನ್ನ ಸೆರಗು ಹಿಡಿದು ಎಳೆದರು. "ಬುಡಿ ಮೇಡಂ. ನಂದೇ ತಪ್ಪಿರಬೋದು. ಮನಸ್ಸಿಂದೇ ಇರಬೋದು."

ಅಷ್ಟು ತಿಂಗಳು ದುಡಿದು ಒಂದೊಂದೇ ಕಲ್ಲಿಟ್ಟು ಕಟ್ಟಿದ್ದನ್ನು ಆ ಮನುಷ್ಯ ಕುರ್ಚಿಯಿಂದ ಏಳದೆ ಕೆಡವಿದ್ದರು. ತನ್ನ ಮೈ ಹೇಳುವುದನ್ನು ಹೆಂಗಸೊಬ್ಬಳು ತಾನೇ ನಂಬದ ಹಾಗೆ ಮಾಡುವುದಕ್ಕಿಂತ ದೊಡ್ಡ ಗಾಯ ಯಾವುದಿದೆ? ನಾನು ಅಲ್ಲಿ ಕಿರುಚಬೇಕಿತ್ತೇನೋ. ಕಿರುಚಲಿಲ್ಲ, ಹೊತ್ತಿರಲಿಲ್ಲ. ಮೇಲಿನ ಮಹಡಿಯಲ್ಲಿ ಜನರಲ್ ಮೆಡಿಸಿನ್‌ನ ವೈದ್ಯೆಯೊಬ್ಬರಿದ್ದರು, ಮಾತು ಕಡಿಮೆ. ಲಿಫ್ಟಿಗೆ ಕಾಯುತ್ತ ನಿಂತಾಗ ಗಿರಿಜಮ್ಮನ ಕಾಲು ಕುಸಿಯಿತು. ಗಾಲಿಕುರ್ಚಿ ತರಿಸಿ ಮೇಲೆ ಒಯ್ದೆ. ಆ ವೈದ್ಯೆ ಎಲ್ಲ ಕೇಳಿ, ಬೆನ್ನೆಲುಬಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಬಂದರು. ಒಂದು ಕಡೆ ಗಿರಿಜಮ್ಮ ಚೀರಿದರು. ವೈದ್ಯೆ ನನ್ನ ಮುಖ ನೋಡಿ, "ಈಗಲೇ ಎಂ.ಆರ್.ಐ. ಮಾಡಿಸೋಣ" ಎಂದರು.

ಬೆನ್ನುಮೂಳೆಯ ಕ್ಷಯ. ಎರಡು ಮೂಳೆಗಳು ಕರಗಿ, ನಡುವೆ ಕೀವು ತುಂಬಿ, ಕಾಲಿಗೆ ಹೋಗುವ ನರದ ಹುರಿಯನ್ನು ಒತ್ತುತ್ತಿತ್ತು. ಇನ್ನೂ ತಡವಾಗಿದ್ದರೆ ಕಾಲು ಎರಡೂ ಹೋಗುತ್ತಿದ್ದವು ಎಂದರು.

ಆಪರೇಷನ್ ಮಾಡಿದವರು ಶೇಷಾದ್ರಿಯವರೇ. ಚೆನ್ನಾಗಿ ಮಾಡಿದರು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಬಹಳ ಕಾಲ ಮಾತ್ರೆ, ಬೆನ್ನಿಗೆ ಗಟ್ಟಿ ಪಟ್ಟಿ. ಕಾಲಿಗೆ ಬಲ ಬಂತು.

ಆಪರೇಷನ್ ಆದ ತಿಂಗಳ ವೈದ್ಯರ ಸಭೆಯಲ್ಲಿ ಶೇಷಾದ್ರಿಯವರು ಈ ಕೇಸನ್ನು ಪರದೆಯ ಮೇಲೆ ತೋರಿಸಿದರು. "ನಮ್ಮ ವಿಭಾಗಕ್ಕೆ ಸಕಾಲದಲ್ಲಿ ಸಂಶಯ ಬಂದದ್ದರಿಂದ" ಎಂದು ಶುರು ಮಾಡಿದರು. ನಾನು ಎದ್ದು ನಿಂತೆ.

"ಸಂಶಯ ಮೊದಲು ಬಂದದ್ದು ರೋಗಿಗೆ ಸಾರ್. ಅವರು ನಿಮ್ಮ ಕೋಣೆಗೆ ಬಂದು ಹೇಳಿದರು. ನೀವು ಬೆನ್ನು ಮುಟ್ಟದೆ ಕಳಿಸಿದಿರಿ. ಅದನ್ನೂ ಪರದೆಯ ಮೇಲೆ ಹಾಕಿ, ಹುಡುಗರು ಕಲಿಯಲಿ."

ಯಾರೂ ನನ್ನ ಪರ ಮಾತಾಡಲಿಲ್ಲ, ಮೇಲಿನ ಮಹಡಿಯ ಆ ವೈದ್ಯೆಯನ್ನು ಬಿಟ್ಟು. "ಮೇಡಂ ಹೇಳಿದ್ದು ನಿಜ" ಎಂದು ಅವರು ಕೂತಲ್ಲಿಂದಲೇ ಹೇಳಿದರು. ಮಾರನೆಯ ದಿನ ಆಡಳಿತಾಧಿಕಾರಿ ಕರೆಸಿ, ಹಿರಿಯರ ಕ್ಷಮೆ ಕೇಳಿ ಎಂದರು. ಕೇಳಲಿಲ್ಲ. ನಮ್ಮ ಗುಂಪು ಸೇರುತ್ತಿದ್ದ ಹಜಾರವನ್ನು ಕಿತ್ತುಕೊಂಡರು. ಆಸ್ಪತ್ರೆಯ ಹಿಂದಿನ ಹೊಂಗೆಮರದ ಕೆಳಗೆ ಕುರ್ಚಿ ಹಾಕಿ ಗುಂಪು ನಡೆಸಿದೆವು. ಮಳೆ ಬಂದರೆ ಮೆಟ್ಟಿಲ ಕೆಳಗೆ ಒತ್ತಿಕೊಂಡು ನಿಲ್ಲುತ್ತಿದ್ದೆವು. ಶೇಷಾದ್ರಿಯವರು ನನ್ನೊಡನೆ ಮಾತು ಬಿಟ್ಟರು. ಆದರೆ ಅಂದಿನಿಂದ ಅವರ ವಿಭಾಗದ ಕಿರಿಯ ವೈದ್ಯರು ರೋಗಿಯನ್ನು ನನ್ನ ಬಳಿ ಕಳಿಸುವ ಮೊದಲು ಬೆನ್ನು ಮುಟ್ಟಿ ನೋಡತೊಡಗಿದರು. ಹೆದರಿ ಕಲಿತರೋ ಅರಿತು ಕಲಿತರೋ, ನನಗೆ ಅದರ ಗೊಡವೆ ಇಲ್ಲ.

ಗಿರಿಜಮ್ಮನನ್ನು ನೋಡಲು ಶ್ರೀರಾಂಪುರಕ್ಕೆ ಹೋದೆ. ಮನೆ ತುಂಬ ಕಿತ್ತಳೆ, ಸೇಬು, ಎಳನೀರು. ನಾಟಕ ಎಂದಿದ್ದ ನಾದಿನಿ ಬಂದು ಅಡುಗೆ ಮಾಡುತ್ತಿದ್ದಳು. ಗಿರಿಜಮ್ಮ ಹಣ್ಣಿನ ಬುಟ್ಟಿಯನ್ನು ಕಾಲಿನಿಂದ ಅತ್ತ ತಳ್ಳಿದರು.

"ನೋಡಿ ಮೇಡಂ. ಈಗ ಬತ್ತಾರೆ. ಕಾಯಿಲೆಗೊಂದು ಹೆಸರು ಸಿಕ್ತಲ್ಲ, ಅದಕ್ಕೆ. ಅಷ್ಟು ವರ್ಷ ಸೊಂಟ ಹಿಡ್ಕೊಂಡು ಅತ್ತಾಗ ಒಂದ್ ಬಾಳೇಹಣ್ಣು ತಂದೋರಿಲ್ಲ."

ಮೂಲೆಯಲ್ಲಿ ಕೂತಿದ್ದ ಮಹದೇವ ತಲೆ ತಗ್ಗಿಸಿದರು. "ಹೌದು ಮೇಡಂ. ನಾನೂ ನಂಬ್ಲಿಲ್ಲ" ಎಂದರು. ಗಿರಿಜಮ್ಮ ಅವರ ಕಡೆ ನೋಡಲಿಲ್ಲ. ನಾನೂ ಸಮಾಧಾನ ಹೇಳಲು ಹೋಗಲಿಲ್ಲ. ಕೆಲವು ಸಿಟ್ಟು ನ್ಯಾಯವಾದದ್ದು. ಅದನ್ನು ಚಿಕಿತ್ಸೆ ಮಾಡಿ ಕಳೆಯಬಾರದು.

ಕ್ಷಯ ವಾಸಿಯಾಯಿತು. ಪಟ್ಟಿ ಬಿಚ್ಚಿದರು. ಹೊಸ ನೋವು ಹೋಯಿತು, ಸೊಂಟದ ಹಳೆಯ ನೋವು ಹಾಗೆಯೇ ಉಳಿಯಿತು. ಉಳಿಯದೇ ಏನು, ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಆದರೆ ಬೀದಿ ಮತ್ತೆ ಶುರು ಮಾಡಿತು. "ಎಲ್ಲಾ ವಾಸಿಯಾಯ್ತಲ್ಲ, ಇನ್ನೇನಂತೆ ಇವಳದು?" ಹಣ್ಣು ನಿಂತವು. ನಾದಿನಿ ಬರುವುದೂ ನಿಂತಿತು.

ಈ ಸಲ ಮಾತ್ರ ಮಹದೇವ ಬೇರೆಯಾಗಿದ್ದರು. ಯಾರೋ ಆಟೊ ನಿಲ್ದಾಣದಲ್ಲಿ ಕೆಣಕಿದಾಗ, "ನಿನ್ ಸೊಂಟ ಅಲ್ಲ ಕಣೋ, ಸುಮ್ಕಿರು" ಎಂದರಂತೆ. ಗಿರಿಜಮ್ಮ ಅದನ್ನು ನನಗೆ ಹೇಳಿದಾಗ ಮುಖದಲ್ಲಿ ನಗುವೇನೂ ಇರಲಿಲ್ಲ. ಆದರೆ ಎರಡು ಸಲ ಹೇಳಿದರು.

ಅವರು ಮೊದಲಿನಿಂದ ಎಲ್ಲವನ್ನೂ ಮತ್ತೆ ಮಾಡಿದರು: ನಡಿಗೆ, ವಿರಾಮ, ಸ್ಟೂಲು, ನಿದ್ದೆಯ ಕ್ರಮ, ಭಯ ಬಂದಾಗ ಅದರ ಜೊತೆ ಕೂರುವುದು. ಹೊಸದೊಂದು ಕಷ್ಟವೂ ಸೇರಿತ್ತು. ಸೊಂಟ ಚುಳುಕೆಂದಾಗಲೆಲ್ಲ, ಕ್ಷಯ ಮತ್ತೆ ಬಂತೇನೋ ಎಂಬ ಅಂಜಿಕೆ. ಯಾವ ನೋವಿಗೆ ವೈದ್ಯರ ಹತ್ತಿರ ಓಡಬೇಕು, ಯಾವ ನೋವಿಗೆ ನಿಂತು ಉಸಿರೆಳೆದು ಕೆಲಸ ಮುಂದುವರಿಸಬೇಕು ಎಂದು ಬೇರ್ಪಡಿಸಲು ಇಬ್ಬರೂ ಸೇರಿ ಕಲಿತೆವು. ನಮ್ಮ ಚಿಕಿತ್ಸೆಯ ನಿಜವಾದ ಹೂರಣ ಅದು. ದೇಹವೋ ಮನಸ್ಸೋ ಎಂದು ಮನುಷ್ಯನನ್ನು ಎರಡು ಹೋಳು ಮಾಡಿ, ಒಂದು ಹೋಳನ್ನು ನಿಮ್ಮ ಕೋಣೆಗೆ ತಳ್ಳುತ್ತಾರೆ. ನೀವು ಆ ಹೋಳನ್ನು ಮಾತ್ರ ತೆಗೆದುಕೊಳ್ಳಬೇಡಿ. ಇಡೀ ಮನುಷ್ಯನನ್ನು ಕೇಳಿ ಪಡೆಯಿರಿ, ಕೊಡದಿದ್ದರೆ ಜಗಳವಾಡಿ. ನಿಮ್ಮನ್ನು ಒರಟರೆಂದಾರು, ಅನ್ನಲಿ.

ನಾನು ನಿವೃತ್ತಿಯಾಗುವ ಕೆಲವು ವಾರಗಳ ಮೊದಲು ಗುಂಪಿಗೆ ಹೊಸ ಹುಡುಗಿಯೊಬ್ಬಳು ಬಂದಳು. ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಜೊತೆಗೆ ಅತ್ತೆ. ಅತ್ತೆ ಕೂರುವ ಮೊದಲೇ ಶುರು ಮಾಡಿದರು. "ಎಲ್ಲಾ ಪರೀಕ್ಷೆ ಆಯ್ತು ಕಣ್ರೀ, ಏನೂ ಇಲ್ವಂತೆ. ಸುಮ್ಮನೆ ಕುತ್ತಿಗೆ ಕುತ್ತಿಗೆ ಅಂತಾಳೆ." ಹುಡುಗಿ ನೆಲ ನೋಡುತ್ತಿದ್ದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಮ್ಮ ತಮ್ಮ ಕುರ್ಚಿಯನ್ನು ಎಳೆದುಕೊಂಡು, ಅತ್ತೆಗೆ ಬೆನ್ನು ಹಾಕಿ, ಆ ಹುಡುಗಿಯ ಎದುರು ಕೂತರು.

"ಎಲ್ಲಿ ನೋಯ್ತದೆ ಹೇಳವ್ವ" ಎಂದರು. "ನಂಗೇನೂ ಆತುರ ಇಲ್ಲ."